ಹೆಸರು ಬರುವ ಜಾಗ

“ಈ ರಾಗ ತೊಟ್ಟಿಲು ಬಿಟ್ಟು ಚರ್ಚಿಗ್ಯಾಕೆ ಬಂತೋ?”

ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಚರ್ಚಿನ ಕೀರ್ತನೆ ತೇಲಿ ಬರುತ್ತಿತ್ತು. ಹಾಗೆಂದ ಮುದುಕಿ ಯಾರ ಮುಖವನ್ನೂ ನೋಡಲಿಲ್ಲ. ಅದೇ ಬೆಂಚಿನ ತುದಿಯಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದ ರುದ್ರಾಣಿ ತುಟಿಯಲ್ಲಿದ್ದ ವಚನವನ್ನು ಅಲ್ಲಿಗೇ ನಿಲ್ಲಿಸಿ ಅವರ ಮಾತಿಗೆ ಕಿವಿಗೊಟ್ಟಳು.

“ತೊಟ್ಟಿಲ ಪದವಾ ಇದು, ದೊಡ್ಡಮ್ಮ?” ಎಂದಳು ಮುದುಕಿಯ ಪಕ್ಕ ಕೂಸನ್ನೆತ್ತಿಕೊಂಡು ಕೂತವಳು.

“ಹೂಂ ಕಣೇ ಬ್ಯೂಲಾ. ನಮ್ಮಜ್ಜಿ ಹಾಡ್ತಿದ್ದಿದ್ದು. ಪಾದ್ರಿಯವರು ಕೇಳಿ ಬರ್ಕೊಂಡ್ರು.”

“ಕೇಳ್ತಾ ನಿದ್ದೆ ಬರ್ಲಿಲ್ವಂತಾ ಅವ್ರಿಗೆ?”

ಮುದುಕಿ ತುಸುವೇ ನಕ್ಕಳು. “ಸಾಲಿನ ಕೊನೇಲಿ ಮಗು ಹೆಸ್ರು ಬರುತ್ತೆ. ಆ ಜಾಗಕ್ಕೆ ಸ್ವಾಮಿ ಹೆಸ್ರಿಟ್ರು.”

“ನೀವೂ ಹಾಡಿದ್ರಾ?”

“ಒಂಬತ್ತು ತಿಂಗಳು. ನನ್ನ ಮಗಳು ಸುನೀತಂಗೆ, ಅವಳು ಬದುಕಿದ್ದಷ್ಟೂ ದಿನ. ಅವಳಿಗೆ ಮಣ್ಣು ಕೊಟ್ಟ ದಿನ ಚರ್ಚಿನವ್ರು ಇದನ್ನೇ ಹಾಡಿದ್ರು.”

ಕೂಸು ಅಳತೊಡಗಿತು. ಬ್ಯೂಲಾ ಅದರ ಬೆನ್ನು ತಟ್ಟಿದಳು.

“ಹಳೇ ಪದ ಈಗ ನಿಮಗೊಬ್ರಿಗೇ ಗೊತ್ತಿರೋದು, ದೊಡ್ಡಮ್ಮ. ಇವನ ಹೆಸ್ರು ಹಾಕಿ ಒಂದ್ಸಲ ಹಾಡಿ. ಕಲ್ತ್ಕೋತೀನಿ.”

ಕೆ.ಆರ್. ಪುರದ ಬಸ್ಸು ಬಂದು ನಿಂತಿತು. ಮುದುಕಿ ಕೂಸಿನ ಟೋಪಿ ಸರಿಮಾಡಿ ಎದ್ದಳು.

“ಸ್ವಾಮಿ ಹೆಸ್ರಲ್ಲಿ ಎಷ್ಟು ಸಲ ಬೇಕಾದ್ರೂ ಹಾಡ್ತೀನಿ. ಇನ್ನೊಂದು ಮಗು ಹೆಸ್ರು ಅಲ್ಲಿಡಲ್ಲ ಕಣೇ.”