ದೈವದ ಕೋಣೆಯಲ್ಲಿ ಕೀನ್ಯಾದ ಮಡಕೆಚೂರು

ಉಪ್ಪಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಚಿತ್ರಾ ಟೀಚರಿಗೆ ಹಿಂದಿನ ಬೆಂಚಿನ ತಾಯಿ ಮಗನ ಗುಸುಗುಸು ಕೇಳಿ ಕಿವಿ ನಿಮಿರಿತು.

"ಅಮ್ಮಾ, ನಾನು ಕೀನ್ಯಾದಿಂದ ತಂದ ಮಡಕೆಚೂರು ಎಲ್ಲುಂಟು?"

"ದೈವದ ಕೋಣೆಯಲ್ಲಿಟ್ಟೆ."

"ಅಯ್ಯೋ, ಎಂತಕ್ಕೆ?"

"ನೀನೇ ಹೇಳಿದ್ದಲ್ವಾ, ಅದು ಜನ ಬಿಟ್ಟುಹೋದ ಪಟ್ಟಣದ್ದು, ಅಲ್ಲಿ ಸತ್ತ ಹಿರಿಯರು ಈಗಲೂ ಕಾವಲಿದ್ದಾರೆ ಅಂತ. ನಂಗೆ ಹೆದರಿಕೆಯಾಯ್ತು."

"ನಮ್ಮ ಆಫೀಸಿನವರು ಆ ಪಟ್ಟಣ ಅಗೆಯುವಲ್ಲಿಂದ ಯಾರಿಗೂ ಹೇಳದೆ ತಂದದ್ದಮ್ಮ. ನಾಳೆ ಹೋಗುವಾಗ ವಾಪಸ್ ಕೊಂಡುಹೋಗ್ಬೇಕು."

"ದೈವಕ್ಕೆ ಒಪ್ಪಿಸಿದ್ದನ್ನು ಹಾಗೆಲ್ಲ ತೆಗೀಲಿಕ್ಕುಂಟಾ? ನೇಮದ ದಿನ ಪಾತ್ರಿಯ ಮೈಮೇಲೆ ಬಂದಾಗ ದೈವದ ಹತ್ರವೇ ಕೇಳ್ಬೇಕು."

"ನೇಮ ಯಾವಾಗ?"

"ಫೆಬ್ರವರಿಯಲ್ಲಿ."

"ಅಷ್ಟರವರೆಗೆ ಅವರು ಸುಮ್ಮನಿರ್ತಾರಾ?"

"ಯಾರು, ನಿನ್ನ ಆಫೀಸಿನವರಾ?"

ಬಸ್ಸು ಬಂತು. ತಾಯಿಯನ್ನು ಕೈಹಿಡಿದು ಹತ್ತಿಸುತ್ತಾ ಮಗ ತಗ್ಗಿದ ದನಿಯಲ್ಲಿ ಹೇಳಿದ:

"ಅವರಲ್ಲಮ್ಮ. ಆ ಹಿರಿಯರು."