ನನ್ನ ಬೆರಳಿಗೆ ಗೊತ್ತು

ಮುಚ್ಚೇ ಆ ಪುಸ್ತಕಾನ! ಮುಚ್ಚು ಅಂದ್ನಲ್ಲ! ಕಾರಿನ ಜೊತೆ ಬಂದ ಪುಸ್ತಕ ತಂದು, ನನ್ನ ಮೂಗಿನ ಮುಂದೆ ಹಿಡಿದು, ನನಗೇ ಆಯಿಲ್ ಪಾಠ ಹೇಳ್ತೀಯಾ? ನನಗೆ? ನಿನ್ನ ಹಾಲುಹಲ್ಲು ಬೀಳ್ತಿದ್ದ ಕಾಲದಲ್ಲೇ ನಾನು ಇದೇ ಗ್ಯಾರೇಜಲ್ಲಿ, ಇದೇ ಗುಂಡೀಗೆ ಇಳಿದು ಅಪ್ಪನ ಜೊತೆ ಆಯಿಲ್ ಇಳಿಸ್ತಿದ್ದೆ ಕಣೇ! ಒಡಹುಟ್ಟಿದ ಅಣ್ಣನ ಮೇಲೆ ನಂಬಿಕೆ ಇಲ್ಲ, ಅಚ್ಚು ಹಾಕಿದ ಕಾಗದದ ಮೇಲೆ ನಂಬಿಕೆ. ಭೇಷ್!

ಯಾಕೆ ನಗ್ತೀಯ? ... ನಗಲಿಲ್ವಾ? ಮತ್ತೆ ತುಟಿ ಯಾಕೆ ಹಾಗೆ ಸೊಟ್ಟ ಮಾಡ್ದೆ?

ಸರಿ, ಬಾ. ಕೂತ್ಕೋ ಆ ಟೈರ್ ಮೇಲೆ. ಪುಟ ತೆಗಿ. ನಾನು ಬಾಯಲ್ಲೇ ಹೇಳ್ತೀನಿ, ನೀನು ತಾಳೆ ನೋಡು. ನಿನ್ನ ಕಾರಿಗೆ ಫುಲ್ ಸಿಂಥೆಟಿಕ್, ಫೈವ್ ಡಬ್ಲ್ಯೂ ಫಾರ್ಟಿ. ಇದೆಯಾ? ಡೀಸೆಲ್ಲು, ಟರ್ಬೋ, ಎರಡು ಲಕ್ಷ ಕಿಲೋಮೀಟರ್ ದಾಟಿದ ಟ್ಯಾಕ್ಸಿ. ಮೊದಲನೇ ಅಂಕಿ ಚಳಿಗೆ. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಬೇಗ ಮೇಲಕ್ಕೆ ಓಡುತ್ತೆ ಅಂತ. ಎರಡನೇದು ಬಿಸಿಗೆ. ಇಂಜಿನ್ ಕಾದು ಕೆಂಡ ಆದಾಗ ಅದೇ ಆಯಿಲ್ ಎಷ್ಟು ದಪ್ಪ ಉಳಿಯುತ್ತೆ ಅಂತ. ಸಣ್ಣ ಪೆಟ್ರೋಲ್ ಕಾರು ಬರುತ್ತಲ್ಲ, ಆ ನರ್ಸಮ್ಮನದು, ಅದಕ್ಕೆ ಜೀರೋ ಡಬ್ಲ್ಯೂ ಟ್ವೆಂಟಿ. ನೀರಿನ ಹಾಗೆ ಹರೀಬೇಕು ಅದಕ್ಕೆ. ಆ ಟ್ವೆಂಟಿ ತಂದು ನಿನ್ನ ಇಂಜಿನ್‌ಗೆ ಸುರಿದ್ರೆ ಏನಾಗುತ್ತೆ? ಸಮತಟ್ಟಲ್ಲಿ ಹೇಗೋ ಓಡುತ್ತೆ, ಏರು ಬಂತು ಅಂದ್ರೆ ಬೇರಿಂಗ್ ಮೇಲೆ ಆಯಿಲ್ ಪದರಾನೇ ನಿಲ್ಲಲ್ಲ. ಕಬ್ಬಿಣಕ್ಕೆ ಕಬ್ಬಿಣ ತೀಡಿ ಕಥೆ ಮುಗೀತು! ಹೇಳು, ಎಲ್ಲಾದ್ರೂ ತಪ್ಪು ಹೇಳಿದ್ನಾ? ಒಂದಕ್ಷರ? ... ಇಲ್ಲ ಅಲ್ವಾ? ಹಾಗಿದ್ರೆ ಮುಚ್ಚು ಪುಸ್ತಕ!

ಗುರುವಾರ ನಿನ್ನ ಕಾರಿಗೆ ನಾನು ಹಾಕಿದ್ದು ಫಾರ್ಟಿ. ಫಾರ್ಟಿ, ಫಾರ್ಟಿ, ಫಾರ್ಟಿ! ಇನ್ನೆಷ್ಟು ಸಲ ಹೇಳಲಿ? ನಿನ್ನೆ ಮಧ್ಯಾಹ್ನ ಮೇಲ್ಸೇತುವೆ ಏರಲ್ಲಿ ಗಾಡಿ ಟಕಟಕ ಅಂತ ಬಡಿದು ನಿಂತ್ರೆ ಅದಕ್ಕೆ ನಾನು ಹೊಣೆ ಅಲ್ಲ. ನೋಡು, ಇಂಜಿನ್ ಬಿಚ್ಚಿ ಬೆಂಚಿನ ಮೇಲೆ ಹರಡಿದೀನಿ. ಬೇರಿಂಗ್ ನೋಡು, ನಾಯಿ ಅಗಿದ ಚಪ್ಪಲಿ ಥರ ಆಗಿದೆ. ಇದನ್ನ ಮಾಡಿದೋನು ಯಾರು ಅಂತ ನಿನ್ನೆ ಸಂಜೆನೇ ಫೋನಲ್ಲಿ ಹೇಳಿದೀನಿ.

ಉದ್ದಣ್ಣ! ನಿನ್ನ ಆ ಉದ್ದಣ್ಣ! ದಿನ ಬಿಟ್ಟು ದಿನ ನಿನ್ನ ಕಾರು ಓಡಿಸೋಕೆ ಇಟ್ಕೊಂಡಿದೀಯಲ್ಲ, ಆ ಏಣಿ! ದಾರೀಲಿ ಯಾವುದೋ ಅಗ್ಗದ ಆಯಿಲ್ ತಂದು ಸುರಿದಿದಾನೆ. ಸುರಿದಿದಾನೆ ಅಂದ್ರೆ ಸುರಿದಿದಾನೆ. ... ನಾನು ನೋಡಿದ್ನಾ? ನೋಡೋಕೆ ನಾನೇನು ಅವನ ಹಿಂದಿನ ಸೀಟಲ್ಲಿ ಕೂತಿದ್ನಾ?

ಆರು ವರ್ಷದಿಂದ ಇದಾನೆ, ಒಂದು ಗೀರೂ ಮಾಡಿಲ್ಲ... ಗೊತ್ತು ಮಾರಾಯ್ತಿ, ಅವನ ಗುಣಗಾನ ನನ್ನ ಹತ್ರ ಬೇಡ. ನಿನಗೆ ಜ್ವರ ಬಂದಾಗ ಎರಡು ವಾರ ಒಬ್ಬನೇ ಓಡಿಸ್ದ. ಅದೂ ಗೊತ್ತು! ಹಾಗಂತ ಅವನು ತಪ್ಪೇ ಮಾಡಲ್ವಾ? ಮೇಲಿಂದ ಇಳಿದು ಬಂದಿದಾನಾ?

ಶನಿವಾರ ಆಯಿಲ್ ಕಡ್ಡಿ ಎಳೆದು ನೋಡಿದನಂತಲ್ಲ, ಯಾಕೆ ನೋಡ್ದ? ಹಾಕಿ ಎರಡು ದಿನ ಆಗಿಲ್ಲ, ಇವನಿಗೇನು ಅವಸರ? ... ನಾನೇ ಹೇಳಿಕೊಟ್ಟಿದ್ದಾ? ದಿನಾ ಬೆಳಗ್ಗೆ ನೋಡ್ಬೇಕು ಅಂತ? ಹೇಳಿರಬಹುದು. ಎಲ್ಲಾ ಡ್ರೈವರ್‌ಗೂ ಹೇಳ್ತೀನಿ. ಆದ್ರೆ ನನಗೇ ಫೋನ್ ಮಾಡಿ, "ಅಣ್ಣಾ, ಈ ಸಲ ಆಯಿಲ್ ಯಾಕೋ ತೆಳ್ಳಗೆ ಕಾಣ್ತಿದೆ, ಒಂದ್ಸಲ ನೋಡ್ತೀರಾ" ಅನ್ನೋಕೆ ಅವನ್ಯಾರು? ಸ್ಟೀರಿಂಗ್ ಹಿಡಿಯೋನು ಸ್ಟೀರಿಂಗ್ ಹಿಡೀಬೇಕು! ಬೈದೆ, ಹೌದು. ಚೆನ್ನಾಗೇ ಬೈದೆ. ಇನ್ನೊಂದು ಸಲ ಬಾನೆಟ್ ಎತ್ತಿದ್ರೆ ಕೈ ಮುರೀತೀನಿ ಅಂದೆ.

ಏನು ಹಾಗೆ ನೋಡ್ತೀಯ? ಅಂದೆ ಕಣೇ. ಸಿಟ್ಟಲ್ಲಿ ಅಂದೆ.

ಈಗ ಕೀ ಕೊಟ್ಟು ಹೋದನಂತಲ್ಲ? ... ಬೆಳಗ್ಗೆನಾ? ಏನಂದ? ... ಏನೂ ಅನ್ನಲಿಲ್ವಾ? ನೀನು ಬಿಟ್ಟುಹೋಗು ಅಂದ ಕೂಡಲೇ ಕೀ ಮೇಜಿನ ಮೇಲಿಟ್ಟ, ಹೋದ, ಅಷ್ಟೇನಾ? ನೋಡಿದ್ಯಾ! ತಪ್ಪಿಲ್ಲದೋನು ಹಾಗೆ ಹೋಗ್ತಾನಾ? ಜಗಳ ಆಡ್ತಾನೆ, ಕಿರುಚ್ತಾನೆ, ಮೇಜು ಗುದ್ದುತಾನೆ. ನಾನಾಗಿದ್ರೆ ಗುದ್ದುತಿದ್ದೆ. ಸುಮ್ನೆ ಹೋದ ಅಂದ್ರೆ ಹೊಟ್ಟೇಲಿ ಕಳ್ಳತನ ಇದೆ ಅಂತಾನೇ ಅರ್ಥ.

ಸುಮ್ನಿರೋರೆಲ್ಲ ಕಳ್ಳರಾ ಅಂತ ಕೇಳ್ಬೇಡ. ಮೊದಲೇ ನನಗೆ ತಲೆ ಕೆಟ್ಟಿದೆ.

ಅಲ್ಲಿ ಏನು ನೋಡ್ತಿದೀಯ? ಕ್ಯಾನುಗಳನ್ನಾ? ಹೌದು, ಚೀಟಿ ಇಲ್ಲ. ನೀನು ಅಂಟಿಸಿದ್ದು ನಾನೇ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದೆ. ಎಷ್ಟು ಚೆಂದಕ್ಕೆ ಬರೆದಿದ್ದೆ ಅಲ್ವಾ, ಫಾರ್ಟಿಗೆ ಕೆಂಪು ಚೀಟಿ, ಟ್ವೆಂಟಿಗೆ ನೀಲಿ ಚೀಟಿ, ಅಂಗನವಾಡಿ ಗೋಡೆ ಥರ! ಬಂದ ಗಿರಾಕಿಗಳೆಲ್ಲ ನೋಡಿ ನಗಲಿ ಅಂತಾನಾ? ಈ ಗ್ಯಾರೇಜಲ್ಲಿ ಯಾವತ್ತೂ ಚೀಟಿ ಇರಲಿಲ್ಲ. ಡ್ರಮ್ಮಿಂದ ಬಿಳೀ ಕ್ಯಾನಿಗೆ ಇಳಿಸೋದು, ಹಾಕೋ ಮುಂಚೆ ಎರಡು ಬೆರಳಲ್ಲಿ ಉಜ್ಜಿ ನೋಡೋದು. ಅಪ್ಪ ಕಲಿಸಿದ್ದು ಹೀಗೆ. ಅಪ್ಪ ಕಣ್ಣು ಮುಚ್ಚಿ ಹೇಳ್ತಿದ್ರು, ಇದು ಇಷ್ಟು ದಪ್ಪ, ಇದು ಇಷ್ಟು. ನಾನೂ ಅಷ್ಟೇ. ಓದೋರು ಓದ್ಕೊಳ್ಳಲಿ. ನನ್ನ ಬೆರಳಿಗೆ ಗೊತ್ತು.

ಏಯ್, ಎಲ್ಲಿಗೆ ಎದ್ದೆ? ... ಆ ಮುಚ್ಚಳಗಳು ಯಾಕೆ ನಿನಗೆ?

ಓಹೋ! ಪರೀಕ್ಷೆ! ನನಗೆ ಪರೀಕ್ಷೆ ಇಡ್ತಾಳಂತೆ ನಮ್ಮ ತಂಗಿ! ಎರಡು ಮುಚ್ಚಳದಲ್ಲಿ ಆಯಿಲ್ ಹಾಕ್ತಾಳಂತೆ, ನಾನು ಯಾವುದು ಯಾವುದು ಅಂತ ಹೇಳ್ಬೇಕಂತೆ! ಇಡು ತಾಯಿ, ಇಡು. ಇದೊಂದು ಬಾಕಿ ಇತ್ತು. ... ತಿರುಗಿ ನಿಲ್ಲಬೇಕಾ? ನಿಲ್ತೀನಿ. ಗೋಡೆ ನೋಡ್ಕೊಂಡು ನಿಲ್ತೀನಿ, ಶಾಲೇಲಿ ನಿಲ್ಲಿಸಿದ ಹಾಗೆ. ಸಾಕಾ? ಹಾಕಿದ್ಯಾ? ಎಷ್ಟು ಹೊತ್ತೇ! ಗೆದ್ರೆ ಏನು ಕೊಡ್ತೀಯ? ಉದ್ದಣ್ಣನ ಹೆಸರು ಇನ್ನು ಈ ಗ್ಯಾರೇಜಲ್ಲಿ ಎತ್ತಬಾರದು, ಅಷ್ಟೇ. ಒಪ್ಪಿಗೆನಾ?

ತಾ ಇಲ್ಲಿ. ಇದು... ಇರು. ಹೆಬ್ಬೆರಳು, ತೋರುಬೆರಳು, ಹೀಗೆ ಉಜ್ಜಬೇಕು. ಹೂಂ. ಇದು ಫಾರ್ಟಿ. ಅಂಟು ಇದೆ, ಎಳೆದ್ರೆ ದಾರದ ಹಾಗೆ ಬರುತ್ತೆ, ಬೆರಳು ಬಿಡಲ್ಲ ಅನ್ನುತ್ತೆ. ಆ ಇನ್ನೊಂದು ತಾ. ... ಇದು ಟ್ವೆಂಟಿ! ಮುಟ್ಟಿದ ಕೂಡಲೇ ಜಾರ್ತಾ ಇದೆ. ಎಲ್ಲಿಯ ಫಾರ್ಟಿ, ಎಲ್ಲಿಯ ಟ್ವೆಂಟಿ! ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಈಗ ಏನಂತೀಯ?

ಏನಂತೀಯ ಅಂದೆ.

ಮಾತಾಡೇ. ... ಅದಲು ಬದಲಾಯ್ತಾ? ಅವಸರದಲ್ಲಿ ಹೇಳ್ದೆ, ಇರು, ಇನ್ನೊಂದ್ಸಲ ಕೊಡು. ಹಾಂ... ಇದು ಟ್ವೆಂಟಿ. ಇದು ಫಾರ್ಟಿ. ಈಗ ಸರಿ ಇದೆ. ಸರಿ ಇದೆ ಅಲ್ವಾ?

ಯಾಕೆ ಹೀಗೆ ನೋಡ್ತೀಯ ನನ್ನ... ಬಾಯಿ ಬಿಟ್ಟು ಹೇಳು. ತಪ್ಪಾ? ಎರಡೂ ಸಲ ಹೇಗೆ ತಪ್ಪಾಗುತ್ತೆ? ಒಂದು ಸಲ ತಪ್ಪಾದ್ರೆ ಇನ್ನೊಂದು ಸಲ ಸರಿ ಇರಲೇಬೇಕಲ್ಲ...

ಎರಡೂ ಒಂದೇ ಕ್ಯಾನಿಂದ ಸುರಿದ್ಯಾ?

...

ಎಂಥಾ ಕುತಂತ್ರಿ ನೀನು. ಅಣ್ಣನಿಗೆ ಹೀಗಾ ಮಾಡೋದು? ತಿರುಗಿ ನಿಲ್ಲಿಸಿ? ಮೋಸ ಮಾಡಿ ನಿಂತ್ಕೊಂಡ್ರೆ ನಾನು... ನಾನು ಏನು ಮಾಡಲಿ?

ಬಾಗಿಲು ಎಳಿ. ಆ ಪಂಕ್ಚರ್ ಅಂಗಡಿಯೋನಿಗೆ ಕೇಳ್ಸುತ್ತೆ.

ಆರು ತಿಂಗಳಾಯ್ತು. ಮೊದಲು ಬೆರಳ ತುದಿ ಜುಮ್ ಅಂತಿತ್ತು, ಆಮೇಲೆ ಆ ಜುಮ್ಮೂ ನಿಂತುಹೋಯ್ತು. ಡಾಕ್ಟರು ಸಕ್ಕರೆ ಕಾಯಿಲೆ ಅಂದ್ರು, ನರ ಸತ್ತಿದೆ ಅಂದ್ರು, ಮಾತ್ರೆ ಕೊಟ್ರು. ನಿಮ್ಮ ಅತ್ತಿಗೆಗೂ ಹೇಳಿಲ್ಲ. ಅಂಗಿ ಗುಂಡಿ ಕನ್ನಡಿ ನೋಡ್ಕೊಂಡು ಹಾಕ್ಕೊಳ್ತೀನಿ. ಮೊನ್ನೆ ಬಿಸಿ ಸೈಲೆನ್ಸರ್ ಹಿಡ್ಕೊಂಡಿದ್ದೆ ಕಣೇ, ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ ಅಂತ ಸುತ್ತ ನೋಡ್ತಿದ್ದೆ. ನನ್ನ ಕೈಯೇ ಸುಡ್ತಿತ್ತು.

ನಿನ್ನೆ ಕಾರು ಎಳ್ಕೊಂಡು ಬಂದ್ರಲ್ಲ, ಎಲ್ಲರೂ ಹೋದ ಮೇಲೆ ಎರಡೂ ಕ್ಯಾನಿಂದ ಒಂದೊಂದು ಹನಿ ತಗಡಿನ ಮೇಲೆ ಬಿಟ್ಟು ಓರೆ ಮಾಡ್ದೆ. ಒಂದು ಹನಿ ಸರ್ರ್ ಅಂತ ಓಡ್ತು, ಇನ್ನೊಂದು ನಿಧಾನಕ್ಕೆ ಇಳೀತು. ಓಡಿದ ಆಯಿಲ್ ಇದ್ದ ಕ್ಯಾನು ಅರ್ಧ ಖಾಲಿ. ಇನ್ನೊಂದು ಬಾಯಿ ಮಟ್ಟ ತುಂಬಿತ್ತು. ಗುರುವಾರ ನಾನು ಫಾರ್ಟಿ ಮುಟ್ಟೇ ಇಲ್ಲ.

ಹೌದು. ಆಮೇಲೆ ನಿನಗೆ ಫೋನ್ ಮಾಡ್ದೆ. ಗೊತ್ತಿದ್ದೇ ಮಾಡ್ದೆ. ಉದ್ದಣ್ಣನ ಹೆಸರು ಬಾಯಿಗೆ ಬಂತು, ಹೇಳಿಬಿಟ್ಟೆ. ಬೆರಳು ಹೋಯ್ತು ಅಂತ ಊರಿಗೆಲ್ಲ ಗೊತ್ತಾದ್ರೆ ಯಾವನು ಕಾರು ತರ್ತಾನೆ ಇಲ್ಲಿಗೆ? ಇಷ್ಟು ವರ್ಷ ಎಲ್ಲರ ಮುಂದೆ ಇದೇ ಬೆರಳು ಎತ್ತಿ ತೋರಿಸಿ ಮೆರೆದಿದೀನಿ ನಾನು. ನಾಚಿಕೆ ಆಯ್ತು. ಹೆದರಿಕೆ ಆಯ್ತು.

ಬೈಯೇ ನನ್ನ! ನಿನ್ನ ಅನ್ನದ ತಟ್ಟೆ ಒಡೆದಿದೀನಿ, ಒಬ್ಬ ಸಜ್ಜನನ ಮೇಲೆ ಗೂಬೆ ಕೂರಿಸಿದೀನಿ. ಈ ಸ್ಪ್ಯಾನರ್ ತಗೊಂಡು ಹೊಡಿ ಬೇಕಾದ್ರೆ. ಹೀಗೆ ಮಾತ್ರ ನಿಂತ್ಕೋಬೇಡ.

ಏನದು, ಫೋನಾ? ... ಈಗ್ಲೇನಾ? ಸಂಜೆ ಮಾಡ್ತೀನಿ. ಸಂಜೆ ಅವನ ಮನೆಗೇ ಹೋಗಿ ಹೇಳ್ತೀನಿ. ... ಸರಿ. ಸರಿ, ಕೈ ಹಿಂದಕ್ಕೆ ತಗೋಬೇಡ. ಕೊಡು. ಇಲ್ಲ, ನೀನೇ ಹೆಸರು ಹುಡುಕಿ ಒತ್ತು. ನಾನು ಒತ್ತಿದ್ರೆ ಒತ್ತಿದ್ನೋ ಇಲ್ವೋ ಅಂತಾನೇ ನನಗೆ ಗೊತ್ತಾಗಲ್ಲ. ಕಿವಿ ಹತ್ರ ಹಿಡಿ.

ಹೋಗ್ತಿದೆ... ಎತ್ತಲ್ಲ ಅವನು. ನಾನಾಗಿದ್ರೆ ಎತ್ತಲ್ಲ.

ಹಲೋ? ... ಅವಳಲ್ಲ, ನಾನು. ಗ್ಯಾರೇಜು... ಇಡಬೇಡ. ಉದ್ದಣ್ಣಾ, ಇಡಬೇಡ ಕಣಪ್ಪಾ. ಆ ಆಯಿಲ್ ಹಾಕಿದ್ದು ನಾನು.