ದುರ್ಗಾ ತಿದ್ದಿದ ಲೆಕ್ಕ

ಹಳಿಯಾಳದ ಬಸ್ ನಿಲ್ದಾಣದಲ್ಲಿ ಶಾಂತಿಬಾಯಿ ಮಗಳ ಶಿಕ್ಷಕಿ ಮಹೆಜಬೀನರನ್ನು ತಡೆದು ನಿಲ್ಲಿಸಿದಳು. ಓದು ಬಾರದೆ ಬೆತ್ತ ತಿಂದು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ಮೆಕ್ಯಾನಿಕ್ ತಾರಿಕ ಪಕ್ಕದಲ್ಲೇ ನಿಂತು ಅವರ ಮಾತು ಕೇಳುತ್ತಿದ್ದ.

“ಅಕ್ಕೋರ, ಆಕಿ ಕ್ಲಾಸಿನ ಸುದೀಪಗ ಓದಾಕ ದಿನಾ ಒಂದ ಪಾಠ, ನಮ್ಮ ದುರ್ಗಾಗ ನಾಕ ಸಾಲ! ಆಕಿ ದಡ್ಡಿ ಇದ್ರ ಹೇಳ್ರಿ, ಎಮ್ಮಿ ಕಾಯಾಕ ಕಳಸ್ತೇನಿ.”

“ಅಯ್ಯ, ತಡೀರಿ. ಒಬ್ಬೊಬ್ಬರಿಗೆ ಅವರವರ ಗುರಿ. ಆಕೀ ವಹಿಯಾಗ ನಾ ಎರಡ ಸಾಲ ಅಂತ ಬರದಿದ್ದೆ.”

“ಮತ್ತ ನಾಕ ಯಾರ ಮಾಡಿದ್ರು?”

“ಆಕೀನ ಅಳಿಸಿ ತಿದ್ದಿದ್ಲು. ಎರಡ ಸಾಲ ಸಣ್ಣ ಹುಡುಗೂರಿಗೆ ಅಂತ!”

ಶಾಂತಿಬಾಯಿ ನಕ್ಕುಬಿಟ್ಟಳು. ತನಗೆ ಹೀಗೆ ತಿದ್ದಲು ಬಿಟ್ಟ ಮಾಸ್ತರ ಒಬ್ಬನಾದರೂ ಇದ್ದನೇ ಎಂದು ತಾರಿಕನ ಹೊಟ್ಟೆ ಉರಿಯಿತು. ಕಣ್ಣು ಮಾತ್ರ ಶಿಕ್ಷಕಿಯನ್ನು ಬಿಟ್ಟು ಸರಿಯಲಿಲ್ಲ.

ಬಸ್ಸು ಬಂತು.

“ಅಕ್ಕೋರ, ನನಗೂ ಒಂದ ಸಾಲ ಬರದ ಕೊಡ್ರಿ. ಆಕಿ ಬಾಜೂಕ ಕುಂತ ಕಲೀತೇನಿ,” ಎಂದಳು ಶಾಂತಿಬಾಯಿ.

“ಒಂದ ಸಾಕೇನ್ರಿ?”

“ನೀವು ಬರೀರಿ, ಅಳಸೂದು ನಾ ನೋಡ್ತೇನಿ,” ಎನ್ನುತ್ತ ಶಾಂತಿಬಾಯಿ ಬಸ್ಸು ಹತ್ತಿದಳು.